ಒಳ್ಳೆಯವನಿಗೂ ಗದ್ದುಗೆ ಬೇಕಿತ್ತು

ಜಿಮ್ಮಿ ಕಾರ್ಟರ್ 2024ರ ಡಿಸೆಂಬರ್ 29ರಂದು ತೀರಿಕೊಂಡರು. ನೂರು ತುಂಬಿ ಹೆಚ್ಚುಕಡಿಮೆ ಮೂರು ತಿಂಗಳಾಗಿತ್ತು. ಆ ವಾರ ನಾನು ಓದಿದ ಶ್ರದ್ಧಾಂಜಲಿಗಳೆಲ್ಲ ತಿರುಗಾಮುರುಗಾ ಒಂದೇ ಮಾತಿಗೆ ಬಂದು ನಿಲ್ಲುತ್ತಿದ್ದವು: ಮನುಷ್ಯ ಬಂಗಾರದಂಥವನು, ಆದರೆ ಅಧ್ಯಕ್ಷಗಿರಿ ಕೈಹತ್ತಲಿಲ್ಲ. ಕೇಳಲು ಎಷ್ಟು ಹಿತ! ಸತ್ತವರಿಗೆ ಹೊಗಳಿಕೆಯೂ ಆಯಿತು, ಬದುಕಿರುವ ರಾಜಕಾರಣಿಗಳಿಗೆ ರಿಯಾಯಿತಿಯೂ ಸಿಕ್ಕಿತು. ಒಳ್ಳೆಯತನ ಕಟ್ಟಿಕೊಂಡು ರಾಜ್ಯವಾಳಲಾಗದು, ನೋಡಿ ಬೇಕಾದರೆ ಕಾರ್ಟರ್ ಗತಿಯನ್ನು, ಎಂದು ಹೇಳಿ ಕೈತೊಳೆದುಕೊಳ್ಳಬಹುದು.

ನನಗೆ ಈ ಮಾತಿನ ಮೇಲೆ ಸಿಟ್ಟಿದೆ. ಕಾರ್ಟರ್ ಗದ್ದುಗೆಗೆ ಬಂದ ದಾರಿಯನ್ನು ಯಾರೂ ನೋಡಲಿಲ್ಲವಲ್ಲ ಎಂಬ ಸಿಟ್ಟು. ಆ ದಾರಿ ಅಷ್ಟೇನೂ ಚೊಕ್ಕಟವಿರಲಿಲ್ಲ.

1970ರಲ್ಲಿ ಅವರು ಜಾರ್ಜಿಯಾ ರಾಜ್ಯದ ಗವರ್ನರ್ ಸ್ಥಾನಕ್ಕೆ ನಿಂತರು. ಎದುರಾಳಿ ಕಾರ್ಲ್ ಸ್ಯಾಂಡರ್ಸ್, ಅವರದೇ ಪಕ್ಷದ ಮಾಜಿ ಗವರ್ನರ್, ಅಂದಿನ ದಕ್ಷಿಣದ ಮಟ್ಟಿಗೆ ಉದಾರವಾದಿ. ಜಾರ್ಜಿಯಾದ ಹಳ್ಳಿಗಾಡಿನ ಬಿಳಿಯರ ಆರಾಧ್ಯದೈವ ಆಗ ಪಕ್ಕದ ಅಲಬಾಮಾದ ಜಾರ್ಜ್ ವ್ಯಾಲೇಸ್. ಕರಿಯರನ್ನು ಬೇರೆಯೇ ಇಡಬೇಕೆಂದು ವಿಶ್ವವಿದ್ಯಾಲಯದ ಬಾಗಿಲಲ್ಲಿ ಅಡ್ಡ ನಿಂತಿದ್ದ ಆಸಾಮಿ. ಸ್ಯಾಂಡರ್ಸ್ ಒಮ್ಮೆ ಈ ವ್ಯಾಲೇಸ್‌ಗೆ ಸರ್ಕಾರಿ ಜಾಗದಲ್ಲಿ ಭಾಷಣ ಮಾಡಲು ಬಿಟ್ಟಿರಲಿಲ್ಲ. ಕಾರ್ಟರ್ ಅದನ್ನೇ ಎತ್ತಿಕೊಂಡರು: ನಾನು ಗೆದ್ದರೆ ವ್ಯಾಲೇಸರನ್ನು ಕರೆಸುತ್ತೇನೆ ಎಂದರು. ಬಿಳಿಯ ಮಕ್ಕಳಿಗೆಂದೇ ಹುಟ್ಟಿಕೊಂಡಿದ್ದ ಖಾಸಗಿ ಶಾಲೆಗೆ ಹೋಗಿ ಬಂದರು. ಸ್ಯಾಂಡರ್ಸ್‌ನನ್ನು ಕರಿಯ ಬಾಸ್ಕೆಟ್‌ಬಾಲ್ ಆಟಗಾರರ ಜೊತೆ ತೋರಿಸುವ ಒಂದು ಅನಾಮಧೇಯ ಕರಪತ್ರ ಹಳ್ಳಿಹಳ್ಳಿಗೆ ಹೋಯಿತು. ಅದು ಕಾರ್ಟರ್ ಪಾಳಯದಿಂದಲೇ ಹೊರಟಿತೆಂಬ ಆರೋಪ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಗೆದ್ದರು. ನಾಗರಿಕ ಹಕ್ಕುಗಳ ನಾಯಕ ವರ್ನನ್ ಜೋರ್ಡನ್‌ಗೆ ಅವರು ಮೊದಲೇ ಹೇಳಿದ್ದರಂತೆ: ನನ್ನ ಪ್ರಚಾರ ನಿಮಗೆ ಹಿಡಿಸುವುದಿಲ್ಲ, ನನ್ನ ಆಡಳಿತ ಹಿಡಿಸುತ್ತದೆ.

1971ರ ಜನವರಿ 12ರಂದು, ಪ್ರಮಾಣವಚನದ ದಿನ, ಅದೇ ಬಾಯಿಂದ ಇನ್ನೊಂದು ಮಾತು ಬಂತು. ಜನಾಂಗ ಭೇದದ ಕಾಲ ಮುಗಿಯಿತು ಎಂದು ನೇರವಾಗಿ ಹೇಳಿಬಿಟ್ಟರು. ವೋಟು ಹಾಕಿ ಬಂದವರು ಬೆಪ್ಪಾದರು. ಮುಂದೆ ಸರ್ಕಾರಿ ನೌಕರಿಗಳಲ್ಲಿ, ಮಂಡಳಿಗಳಲ್ಲಿ ಕರಿಯರನ್ನು ಸೇರಿಸಿದರು, ರಾಜ್ಯದ ಶಾಸನಭವನದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಭಾವಚಿತ್ರ ಹಾಕಿಸಿದರು. ಹೇಳಿದ್ದನ್ನು ಮಾಡಿದರು. ಅಥವಾ ಹೇಳದೇ ಇದ್ದದ್ದನ್ನು ಮಾಡಿದರು ಎನ್ನಬೇಕೇನೋ.

ಕಾಲೇಜಿನಲ್ಲಿ ದಶಕಗಟ್ಟಲೆ ತತ್ತ್ವಶಾಸ್ತ್ರ ಹೇಳಿಕೊಟ್ಟವಳು ನಾನು. ನೀತಿಶಾಸ್ತ್ರದ ಪಾಠ ಬಂದಾಗ ನಮ್ಮ ಹುಡುಗರಿಗೆ ಕಾಂಟ್ ಬೇಗ ಹತ್ತುತ್ತಿರಲಿಲ್ಲ. ಧರ್ಮರಾಯ ದ್ರೋಣನಿಗೆ ಹೇಳಿದ ಅರ್ಧ ಸುಳ್ಳನ್ನು ತಂದರೆ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಿದ್ದರು. ನೆಲಕ್ಕೆ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ರಥ ಆ ಮಾತಿನ ನಂತರ ಮಣ್ಣು ಮುಟ್ಟಿತಲ್ಲ, ಅದು ಸರಿಯೇ? ಯುದ್ಧ ಗೆಲ್ಲದಿದ್ದರೆ ಧರ್ಮ ಎಲ್ಲಿ ಉಳಿಯುತ್ತಿತ್ತು ಎಂದು ಒಬ್ಬ ಕೇಳುತ್ತಿದ್ದ. ಹಾಗಾದರೆ ಹರಿಶ್ಚಂದ್ರ ಹುಚ್ಚನೋ ಎಂದು ಇನ್ನೊಬ್ಬಳು. ನಾನು ತೀರ್ಪು ಕೊಡುತ್ತಿರಲಿಲ್ಲ. ಆದರೆ ಒಂದನ್ನು ಗಮನಿಸಲು ಹೇಳುತ್ತಿದ್ದೆ: ರಥ ಮತ್ತೆ ಮೇಲೇರಿತೆಂದು ಕಥೆ ಎಲ್ಲೂ ಹೇಳುವುದಿಲ್ಲ. ಧರ್ಮರಾಯ ಆಮೇಲೆ ಎಷ್ಟು ವರ್ಷ ಚೆನ್ನಾಗಿ ಆಳಿದರೂ, ಕೊನೆಯಲ್ಲಿ ನರಕ ನೋಡಿಯೇ ಸ್ವರ್ಗಕ್ಕೆ ಹೋಗಬೇಕಾಯಿತು.

ಕಾರ್ಟರ್ 1976ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಊರೂರು ಹೇಳಿಕೊಂಡು ಬಂದದ್ದು, ನಾನು ನಿಮಗೆ ಎಂದೂ ಸುಳ್ಳು ಹೇಳುವುದಿಲ್ಲ ಎಂದು. ನಿಕ್ಸನ್ ಸುಳ್ಳುಗಳಿಂದ ಬೇಸತ್ತಿದ್ದ ದೇಶ ಆ ಹರಿಶ್ಚಂದ್ರನನ್ನು ಆರಿಸಿತು. ಆರು ವರ್ಷದ ಹಿಂದಿನ ಧರ್ಮರಾಯ ಯಾರಿಗೂ ಬೇಕಿರಲಿಲ್ಲ.

ಸುಮ್ಮನೆ ಕಪಟಿ ಎಂದು ಷರಾ ಬರೆದು ಮುಗಿಸಿಬಿಡಬಹುದಿತ್ತು. ಆದರೆ 1965ಕ್ಕೆ ಹೋಗಬೇಕು. ಪ್ಲೇನ್ಸ್ ಎಂಬ ಅವರ ಊರು ಜಾರ್ಜಿಯಾದ ನೈಋತ್ಯದಲ್ಲಿದೆ, ಕಡಲೆಕಾಯಿಯ ಸೀಮೆ, ಜನ ಕೆಲವೇ ನೂರು. ಅಲ್ಲಿನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಕರಿಯರನ್ನು ಒಳಗೆ ಬಿಡಬಾರದೆಂದು ಮತಕ್ಕೆ ಹಾಕಿದರು. ಬಿಡಬೇಕೆಂದು ಎದ್ದು ನಿಂತವರು ಕಾರ್ಟರ್ ಮನೆಯವರು ಮತ್ತು ಇನ್ನೊಬ್ಬರು, ಅಷ್ಟೇ. ಅದಕ್ಕೂ ಮುಂಚೆ, ಬಿಳಿಯರ ನಾಗರಿಕ ಮಂಡಳಿಗೆ ಸದಸ್ಯನಾಗು ಎಂದು ಊರಿನ ಪ್ರಮುಖರು ಬಂದಾಗ ಆಗಲ್ಲ ಎಂದಿದ್ದರು. ಅವರ ಕಡಲೆಕಾಯಿ ಗೋದಾಮಿಗೆ ಗಿರಾಕಿಗಳು ಬರುವುದು ನಿಂತಿತ್ತು. ತನ್ನ ಊರಿನವರೆದುರು ನಿಜ ಹೇಳುವುದಕ್ಕೆ ಅಂಜದ ಮನುಷ್ಯ, ರಾಜ್ಯದ ವೋಟು ಬೇಕಾದಾಗ ಕಣ್ಣು ಮಿಟುಕಿಸಿದ. ನಮ್ಮ ಹಳ್ಳಿಯ ಪಂಚಾಯಿತಿ ಚುನಾವಣೆ ನೋಡಿದ ಯಾರಿಗೂ ಇದು ಹೊಸದಲ್ಲ.

ನಡುವೆ ಒಂದು ಸೋಲು ಇದೆ. 1966ರಲ್ಲೂ ಗವರ್ನರ್ ಸ್ಥಾನಕ್ಕೆ ನಿಂತಿದ್ದರು, ಪಕ್ಷದ ಒಳಚುನಾವಣೆಯಲ್ಲಿ ಮೂರನೆಯವರಾದರು. ಕೊನೆಗೆ ಗವರ್ನರ್ ಆದವನು ಲೆಸ್ಟರ್ ಮ್ಯಾಡಾಕ್ಸ್, ತನ್ನ ಹೋಟೆಲಿಗೆ ಬಂದ ಕರಿಯರನ್ನು ಓಡಿಸಿ ಹೆಸರು ಮಾಡಿದವನು. ದೇವರು ಇಂಥವನನ್ನು ಗೆಲ್ಲಿಸುತ್ತಾನೆಯೇ ಎಂದು ಕಾರ್ಟರ್ ಕುಸಿದುಹೋದರು. ತಂಗಿ ರೂತ್ ಧರ್ಮಪ್ರಚಾರಕಿ, ಆಕೆಯೊಡನೆ ಮಾತಾಡಿದ ಮೇಲೆ ತಾವು ಮರುಹುಟ್ಟು ಪಡೆದೆವೆಂದು ಕಾರ್ಟರ್ ಹೇಳಿಕೊಂಡಿದ್ದಾರೆ. ಪೆನ್ಸಿಲ್ವೇನಿಯಾ, ಮ್ಯಾಸಚೂಸೆಟ್ಸ್‌ಗಳಲ್ಲಿ ಮನೆಮನೆಯ ಬಾಗಿಲು ತಟ್ಟಿ ಯೇಸುವಿನ ಮಾತು ಹೇಳಿದರು. ಅಲ್ಲಿ ಜೊತೆಗಿದ್ದ ಎಲಾಯ್ ಕ್ರೂಸ್ ಎಂಬ ಕ್ಯೂಬಾ ಮೂಲದ ಪಾದ್ರಿ ಕಲಿಸಿದ ಮಾತನ್ನು ಸಾಯುವವರೆಗೂ ನೆನೆಯುತ್ತಿದ್ದರು: ದೇವರನ್ನು ಪ್ರೀತಿಸು, ಸದ್ಯಕ್ಕೆ ನಿನ್ನೆದುರಿಗೆ ಯಾರಿದ್ದಾರೋ ಅವರನ್ನು ಪ್ರೀತಿಸು.

ತಮಾಷೆ ನೋಡಿ, ವ್ಯಾಲೇಸ್ ಅಭಿಮಾನಿಗಳನ್ನು ಓಲೈಸಿದ ಆ 1970ರ ಪ್ರಚಾರ ನಡೆದದ್ದು ಈ ಮರುಹುಟ್ಟಿನ ನಂತರ. ಮೊದಲಿನದಾಗಿದ್ದರೆ ಕಥೆ ಸಲೀಸಾಗುತ್ತಿತ್ತು: ಪಾಪ ಮಾಡಿದ, ದೇವರು ಸಿಕ್ಕ, ತಿದ್ದಿಕೊಂಡ. ಜೀವನ ಹಾಗೆ ಸಾಲಾಗಿ ನಿಲ್ಲುವುದಿಲ್ಲ.

ಅದೇ 1976ರಲ್ಲಿ, ಚುನಾವಣೆಗೆ ಕೆಲವೇ ವಾರ ಇರುವಾಗ, ಪ್ಲೇಬಾಯ್ ಪತ್ರಿಕೆಯಲ್ಲಿ ಅವರ ಸಂದರ್ಶನ ಬಂತು. ಸಂದರ್ಶನ ಮುಗಿಸಿ ಎದ್ದವರನ್ನು ಬಾಗಿಲ ಬಳಿ ನಿಲ್ಲಿಸಿಕೊಂಡು ಹೇಳಿದ ಮಾತಂತೆ ಅದು. ಎಷ್ಟೋ ಹೆಂಗಸರನ್ನು ಆಸೆಯಿಂದ ನೋಡಿದ್ದೇನೆ, ಮನಸ್ಸಿನಲ್ಲಿ ಎಷ್ಟೋ ಸಲ ವ್ಯಭಿಚಾರ ಮಾಡಿದ್ದೇನೆ, ದೇವರು ಕ್ಷಮಿಸುತ್ತಾನೆ. ದೇಶವೆಲ್ಲ ನಕ್ಕಿತು. ಮತ ಸಮೀಕ್ಷೆಯಲ್ಲಿ ಮುನ್ನಡೆ ಕರಗಿತು, ಎದುರಾಳಿ ಫೋರ್ಡ್ ವಿರುದ್ಧ ಕೂದಲೆಳೆಯಲ್ಲಿ ಪಾರಾದರು. ಆದರೆ ಅವರು ಹೇಳುತ್ತಿದ್ದದ್ದು ತಾನು ರಸಿಕನೆಂದಲ್ಲ. ಹಾಗಾಗಿ ಹೆಂಡತಿಗೆ ಮೋಸ ಮಾಡಿದ ಇನ್ನೊಬ್ಬನನ್ನು ಕೀಳಾಗಿ ನೋಡುವ ಹಕ್ಕು ತನಗಿಲ್ಲ ಎಂದು. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯ ಓದಿದವರಿಗೆ ಇದು ಭಾನುವಾರದ ಪಾಠ. ಗೀತೆಯ ಮೂರನೆಯ ಅಧ್ಯಾಯದ ಮಿಥ್ಯಾಚಾರಿಯನ್ನು ಬಲ್ಲ ನಮಗೂ ಹೊಸತಲ್ಲ. ಕೈಕಾಲು ಕಟ್ಟಿಕೊಂಡು ಮನಸ್ಸಿನಲ್ಲಿ ಮೇಯುವವನ ಬಗ್ಗೆ ಕೃಷ್ಣ ಅಲ್ಲಿ ಏನು ಹೇಳುತ್ತಾನೆಂದು ನಮ್ಮ ಅಜ್ಜಂದಿರಿಗೂ ಗೊತ್ತಿತ್ತು. ವ್ಯತ್ಯಾಸ ಇರುವುದು ಒಂದರಲ್ಲಿ. ಗೀತೆ ಆ ಸ್ಥಿತಿಯನ್ನು ದಾಟು ಎನ್ನುತ್ತದೆ. ಕಾರ್ಟರ್ ಬೆಳೆದ ಧರ್ಮ, ನಿನ್ನಿಂದ ದಾಟಲಾಗದು, ಆ ಕಾರಣಕ್ಕೇ ನಿನಗೆ ದೇವರು ಬೇಕು ಎನ್ನುತ್ತದೆ.

ರಾಜಕೀಯದ ದಿನಗಳಲ್ಲಿ ಅವರ ಕೈಯಲ್ಲಿ ರೈನ್‌ಹೋಲ್ಡ್ ನೀಬರ್ ಎಂಬ ದೇವಶಾಸ್ತ್ರಜ್ಞನ ಪುಸ್ತಕಗಳಿದ್ದವು. 1974ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ವಕೀಲರ ಸಭೆಗೆ ಹೋಗಿ, ನ್ಯಾಯವೆಂದರೇನೆಂದು ತಾನು ಕಲಿತದ್ದು ನೀಬರ್‌ನಿಂದ ಮತ್ತು ಬಾಬ್ ಡಿಲನ್‌ನಿಂದ ಎಂದು ಹೇಳಿದ್ದರು. (ವಕೀಲರ ಮುಖ ಹೇಗಾಗಿರಬೇಕು!) ನೀಬರ್‌ನ ವಾದ ಸ್ಥೂಲವಾಗಿ ಹೀಗೆ: ಮನುಷ್ಯನ ಸ್ವಭಾವದಲ್ಲೇ ಪಾಪವಿದೆ, ಗುಂಪಿನಲ್ಲಿ ಅದು ಇನ್ನೂ ಹೆಚ್ಚು, ಅಂಥ ಜಗತ್ತಿನಲ್ಲಿ ಒಂದಿಷ್ಟು ನ್ಯಾಯ ಸ್ಥಾಪಿಸಲು ಅಧಿಕಾರ ಹಿಡಿಯಬೇಕು, ಅಧಿಕಾರ ಹಿಡಿದವನ ಕೈಗೆ ಕೊಳೆ ಹತ್ತದೆ ಇರುವುದಿಲ್ಲ. ಓದಲು ಗಂಭೀರ. ಆದರೆ ಈ ವಾದ ಎಷ್ಟು ಅನುಕೂಲಕರ ಎಂಬುದೂ ನನಗೆ ಕಾಣುತ್ತದೆ. ಕೊಳೆ ಹತ್ತಿದ್ದಕ್ಕೆ ಮೊದಲೇ ರಸೀದಿ ಸಿಕ್ಕಂತೆ.

ಕೊಳೆ ಹತ್ತಿತು. ಮಾನವ ಹಕ್ಕುಗಳೇ ನಮ್ಮ ವಿದೇಶಾಂಗ ನೀತಿಯ ಜೀವಾಳ ಎಂದವರು 1977ರ ಡಿಸೆಂಬರ್ 31ರ ರಾತ್ರಿ ಟೆಹರಾನ್‌ನಲ್ಲಿ ಲೋಟ ಎತ್ತಿ, ಇರಾನಿನ ಶಾ ಆಳ್ವಿಕೆಯನ್ನು ಸ್ಥಿರತೆಯ ದ್ವೀಪವೆಂದು ಹೊಗಳಿದರು. ಶಾನ ಗುಪ್ತಪೊಲೀಸರ ಸೆರೆಮನೆಗಳಲ್ಲಿ ಏನು ನಡೆಯುತ್ತಿತ್ತೆಂದು ಅವರಿಗೆ ಗೊತ್ತಿತ್ತು. ಮರುದಿನ ದೆಹಲಿಗೆ ಬಂದಿಳಿದರು. ಅಲ್ಲಿ ಪ್ರಧಾನಿ ಮೊರಾರ್ಜಿ ದೇಸಾಯಿ, ಲೋಟ ಎತ್ತುವ ಪ್ರಶ್ನೆಯೇ ಇಲ್ಲ. ಅಣು ವಿಷಯದಲ್ಲಿ ದೇಸಾಯಿಗೆ ತಣ್ಣನೆಯ, ಖಡಕ್ ಪತ್ರ ಬರೆಯಬೇಕು ಎಂದು ಕಾರ್ಟರ್ ತಮ್ಮ ಸಚಿವ ವ್ಯಾನ್ಸ್ ಕಿವಿಯಲ್ಲಿ ಹೇಳಿದ್ದು ಮೈಕಿಗೆ ಕೇಳಿಸಿ ಊರೆಲ್ಲ ಆಯಿತು. ಹರಿಯಾಣದ ಒಂದು ಹಳ್ಳಿಗೆ ಹೋಗಿಬಂದರು, ಆ ಹಳ್ಳಿ ಕಾರ್ಟರ್‌ಪುರಿಯಾಯಿತು. ಅವರ ತಾಯಿ ಲಿಲಿಯನ್ ಇದಕ್ಕೂ ಮುಂಚೆಯೇ, ಅರವತ್ತೆಂಟನೆಯ ವಯಸ್ಸಿನಲ್ಲಿ ಪೀಸ್ ಕೋರ್ ಸೇರಿ ಮುಂಬಯಿಯ ವಿಕ್ರೋಲಿಗೆ ಬಂದು ಸುಮಾರು ಎರಡು ವರ್ಷ ದಾದಿಯ ಕೆಲಸ ಮಾಡಿದ್ದರು. ಈ ಕುಟುಂಬದಲ್ಲಿ ನಿಜವಾಗಿ ಗಟ್ಟಿ ಯಾರೆಂದು ಕೇಳಿದರೆ ನಾನು ಆಕೆಯ ಹೆಸರನ್ನೇ ಹೇಳುವುದು. ಅದಿರಲಿ. ಪೂರ್ವ ಟಿಮೋರ್ ಜನರನ್ನು ತುಳಿಯುತ್ತಿದ್ದ ಇಂಡೋನೇಷ್ಯಾಕ್ಕೆ ಯುದ್ಧವಿಮಾನ ಹೋದದ್ದೂ ಇವರ ಕಾಲದಲ್ಲೇ.

ಇನ್ನೊಂದು ಮಗ್ಗುಲೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. 1978ರ ಸೆಪ್ಟೆಂಬರಿನಲ್ಲಿ ಕ್ಯಾಂಪ್ ಡೇವಿಡ್‌ನಲ್ಲಿ ಹದಿಮೂರು ದಿನ ಈಜಿಪ್ಟಿನ ಸಾದತ್‌ರನ್ನೂ ಇಸ್ರೇಲಿನ ಬೆಗಿನ್‌ರನ್ನೂ ಹಿಡಿದು ಕೂರಿಸಿದ್ದರು. ಕೊನೆಯ ದಿನ ಬೆಗಿನ್ ಗಂಟುಮೂಟೆ ಕಟ್ಟಿದರು. ಕಾರ್ಟರ್ ಬೆಗಿನ್‌ರ ಮೊಮ್ಮಕ್ಕಳ ಹೆಸರು ಕೇಳಿ ತರಿಸಿ, ಒಂದೊಂದು ಫೋಟೋದ ಮೇಲೂ ಒಂದೊಂದು ಮಗುವಿನ ಹೆಸರು ಬರೆದು ತಾವೇ ಕೊಂಡೊಯ್ದು ಕೊಟ್ಟರು. ಬೆಗಿನ್ ಒಂದೊಂದೇ ಹೆಸರು ಓದುತ್ತ ಗದ್ಗದಿತರಾದರು, ಉಳಿದರು. ಎದುರಿಗಿದ್ದವನನ್ನು ಪ್ರೀತಿಸು ಎಂದ ಪಾದ್ರಿಯ ಪಾಠ ರಾಜತಂತ್ರದಲ್ಲಿ ಕೆಲಸ ಮಾಡಿದ ಅಪರೂಪದ ಗಳಿಗೆ. ಇರಾನಿನಲ್ಲಿ 52 ಅಮೆರಿಕನ್ನರನ್ನು 444 ದಿನ ಒತ್ತೆಯಿಟ್ಟುಕೊಂಡಾಗ, ಬಾಂಬು ಹಾಕಿ ಎಂದು ಊರೆಲ್ಲ ಕಿರುಚಿದರೂ ಹಾಕಲಿಲ್ಲ. ಬಿಡಿಸಲು ಕಳಿಸಿದ ತಂಡ ಮರುಭೂಮಿಯಲ್ಲಿ ಎಡವಿ ಎಂಟು ಯೋಧರು ಸತ್ತರು. ಆ ಹೊಣೆ ನನ್ನದೆಂದು ಟಿವಿಯಲ್ಲಿ ಬಂದು ಹೇಳಿದರು. 1980ರ ಚುನಾವಣೆಯಲ್ಲಿ ರೇಗನ್ ಎದುರು ಸೋತರು. ಒತ್ತೆಯಾಳುಗಳು ಹೊರಬಿದ್ದದ್ದು ರೇಗನ್ ಪ್ರಮಾಣ ತೆಗೆದುಕೊಂಡ ಕೆಲ ನಿಮಿಷಗಳಿಗೆ. ಧರ್ಮದ ಹೆಸರಿನಲ್ಲಿ ಹೊಸದಾಗಿ ಸಂಘಟಿತರಾಗಿದ್ದ ಭಕ್ತರು ಆ ಚುನಾವಣೆಯಲ್ಲಿ ಭಾನುವಾರ ಪಾಠ ಹೇಳುವ ಬ್ಯಾಪ್ಟಿಸ್ಟನನ್ನು ಬಿಟ್ಟು, ವಿಚ್ಛೇದನ ಪಡೆದ ಸಿನಿಮಾ ನಟನ ಹಿಂದೆ ಹೋದರು. ದೇವರ ಬಗ್ಗೆ ಮಾತಾಡುವವನು ಬೇಕು, ದೇವರು ಕೇಳುವ ಪ್ರಶ್ನೆಯನ್ನು ನಮಗೆ ದಾಟಿಸುವವನು ಬೇಡ. 1979ರ ಜುಲೈನಲ್ಲಿ ಕಾರ್ಟರ್ ಟಿವಿಯಲ್ಲಿ ಕೂತು, ನಾವು ಭೋಗದ ಪೂಜೆ ಮಾಡುತ್ತಿದ್ದೇವೆ, ವಸ್ತು ಕೂಡಿಟ್ಟರೆ ಬದುಕಿನ ಟೊಳ್ಳು ತುಂಬುವುದಿಲ್ಲ ಎಂದು ಪ್ರವಚನ ಮಾಡಿದ್ದರು. ಅದು ಸರಿಯೇ ಆಗಿತ್ತು, ಅದೇ ತೊಂದರೆ.

ಇಲ್ಲಿಂದ ಮುಂದಿನ ನಲವತ್ತು ಚಿಲ್ಲರೆ ವರ್ಷ ಎಲ್ಲರಿಗೂ ಗೊತ್ತಿರುವ ಕಥೆ: ಬಡವರ ಮನೆಗೆ ಸುತ್ತಿಗೆ ಹಿಡಿದದ್ದು, ಚುನಾವಣೆಗಳ ಕಾವಲು, 2002ರ ನೊಬೆಲ್. ನನ್ನನ್ನು ತಟ್ಟಿದ್ದು ಹುಳು.

ನಮ್ಮ ತಾಯಿಯ ಕಡೆಯವರು ರಾಯಚೂರು ಸೀಮೆಯವರು. ಆಕೆಯ ಎಡಗಾಲ ಹಿಮ್ಮಡಿಯ ಹತ್ತಿರ ಬಿಳಿಚಿದ ಒಂದು ಕಲೆಯಿತ್ತು. ಹುಡುಗಿಯಾಗಿದ್ದಾಗ ನಾರುಹುಣ್ಣು ಆಗಿತ್ತಂತೆ. ಮೆಟ್ಟಿಲಿಳಿದು ನೀರಿಗೇ ಕಾಲಿಡುವ ಬಾವಿ. ಹುಣ್ಣಾದವರು ಉರಿ ತಡೆಯಲಾರದೆ ಅದರಲ್ಲಿ ಕಾಲದ್ದುತ್ತಾರೆ, ಹುಳು ಅಲ್ಲೇ ಮರಿಗಳನ್ನು ಉದುರಿಸುತ್ತದೆ, ಕಣ್ಣಿಗೆ ಕಾಣದ ನೀರಹೇನು ಅವನ್ನು ನುಂಗುತ್ತದೆ, ಆ ನೀರು ಕುಡಿದವರಿಗೆ ವರ್ಷದ ಮೇಲೆ ಎರಡು ಮೂರಡಿ ಉದ್ದದ ದಾರದಂಥ ಹುಳು ಚರ್ಮ ಸೀಳಿ ಹೊರಬರುತ್ತದೆ. ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯಬೇಕು, ಹರಿದರೆ ಕೀವು. ಬಿತ್ತನೆಯ ಹೊತ್ತಿಗೆ ಮನೆಮಂದಿಯೆಲ್ಲ ಮಲಗಿಬಿಡುತ್ತಿದ್ದರು. ಅಜ್ಜಿಯ ವಿವರಣೆ ಚಿಕ್ಕದು: ಯಾವ ಜನ್ಮದ ಪಾಪವೋ. ಭಾರತ ತನ್ನದೇ ಕಾರ್ಯಕ್ರಮದಿಂದ ಅದನ್ನು ಓಡಿಸಿತು, ಕೊನೆಯ ರೋಗಿ ಕಂಡದ್ದು 1996ರಲ್ಲಿ ರಾಜಸ್ಥಾನದಲ್ಲಿ. ಕಾರ್ಟರ್‌ಗೆ ಅದರ ಶ್ರೇಯಸ್ಸಿಲ್ಲ. ಆದರೆ 1986ರಲ್ಲಿ ಆಫ್ರಿಕಾ ಏಷ್ಯಾಗಳಲ್ಲಿ ಅಂದಾಜು 35 ಲಕ್ಷ ಜನಕ್ಕಿದ್ದ ಈ ಕಾಟವನ್ನು ಮುಗಿಸಬೇಕೆಂದು ಹಟ ಹಿಡಿದದ್ದು ಅವರ ಸಂಸ್ಥೆ. ಲಸಿಕೆಯಿಲ್ಲ, ಔಷಧಿಯಿಲ್ಲ, ಬಟ್ಟೆಯಲ್ಲಿ ನೀರು ಸೋಸುವುದನ್ನು ಹೇಳಿಕೊಡಬೇಕು, ಹುಣ್ಣಾದವರನ್ನು ಕೆರೆಗೆ ಇಳಿಯಗೊಡಬಾರದು, ಅದೇ ಮುಖ್ಯ ಮದ್ದು. 1988ರಲ್ಲಿ ಘಾನಾದ ಹಳ್ಳಿಯಲ್ಲಿ ಒಬ್ಬ ಹೆಂಗಸು ಎದೆಗೆ ಏನನ್ನೋ ಅವಚಿಕೊಂಡು ನಿಂತಿದ್ದಳಂತೆ. ಮಗುವಿರಬೇಕೆಂದು ಕಾರ್ಟರ್ ಹತ್ತಿರ ಹೋದರೆ ಅದು ಬಾತುಕೊಂಡ ಮೊಲೆ, ಹುಳು ಹೊರಬರುತ್ತಿತ್ತು. 1995ರಲ್ಲಿ ಸುಡಾನಿನ ಅಂತರ್ಯುದ್ಧವನ್ನು ಈ ಹುಳುವಿನ ನೆಪದಲ್ಲಿ ಹೆಚ್ಚುಕಡಿಮೆ ಆರು ತಿಂಗಳು ನಿಲ್ಲಿಸಿದರು. ಕಾರ್ಟರ್ ತೀರಿಕೊಂಡ ವರ್ಷ ಜಗತ್ತಿನಲ್ಲಿ ವರದಿಯಾದ ರೋಗಿಗಳು ಹದಿನೈದರ ಆಸುಪಾಸು.

ಇದು ಪ್ರಾಯಶ್ಚಿತ್ತವೇ? ನಮ್ಮವರಿಗೆ ಸಹಜವಾಗಿ ಹೊಳೆಯುವ ಮಾತು. 1970ರ ಸಾಲ, ಟೆಹರಾನಿನ ಸಾಲ, ಬಡ್ಡಿ ಸಮೇತ ತೀರಿತು ಎಂದು.

ಮಗಳು ಅಟ್ಲಾಂಟಾದಲ್ಲಿರುವುದರಿಂದ ಒಂದು ಭಾನುವಾರ ಪ್ಲೇನ್ಸ್‌ಗೆ ಹೋಗಿ ಅವರ ಪಾಠಕ್ಕೆ ಕೂತಿದ್ದೇನೆ. ನಸುಕಿನಲ್ಲೇ ಸಾಲು, ಪೊಲೀಸ್ ನಾಯಿಯ ಮೂಸುವಿಕೆ, ಚರ್ಚಿನ ಹೆಂಗಸರು ಹೇಳುವ ಕಟ್ಟುನಿಟ್ಟಿನ ನಿಯಮಗಳು: ಪ್ರಾರ್ಥನೆ ಮುಗಿಯುವವರೆಗೆ ಕೂತರಷ್ಟೇ ಫೋಟೋ. ಮರನಾಥಾ ಎಂಬ ಆ ಚರ್ಚು ಹುಟ್ಟಿದ್ದೇ ಕರಿಯರನ್ನು ಸೇರಿಸುವ ಜಗಳದಿಂದ, 1977ರಲ್ಲಿ ಹಳೆಯದು ಒಡೆದು. ಕಾರ್ಟರ್ ಬಂದವರೇ ಎಲ್ಲೆಲ್ಲಿಂದ ಬಂದಿದ್ದೀರಿ ಎಂದು ಕೇಳಿದರು, ರಾಜ್ಯಗಳ ಹೆಸರು, ದೇಶಗಳ ಹೆಸರು ಕೇಳಿಬಂದವು. ನಾನು ಬಾಯಿ ತೆರೆಯುವುದರೊಳಗೆ ಹಿಂದಿನ ಸಾಲಿನ ಒಬ್ಬ ತೆಲುಗು ಹುಡುಗ ಇಂಡಿಯಾ ಎಂದು ಕೂಗಿಬಿಟ್ಟ. ಕಾಣಿಕೆಯ ತಟ್ಟೆ ನನ್ನ ಕೈಗೆ ಬಂತು. ಮರದ್ದು, ಅವರೇ ಕಡೆದದ್ದು. ಮಾಜಿ ಅಧ್ಯಕ್ಷರು ಕಡೆದ ತಟ್ಟೆಗೆ ಎಷ್ಟು ಹಾಕಬೇಕೆಂದು ತಿಳಿಯದೆ ಮಗಳ ಮುಖ ನೋಡಿದೆ.

ಆಮೇಲೆ ಊಟಕ್ಕೆ ಕೂತಾಗ ಪಕ್ಕದ ಮೇಜಿನ ಹಿರಿಯ ಬ್ಯಾಪ್ಟಿಸ್ಟ್ ಒಬ್ಬರೊಡನೆ ಮಾತು ಬೆಳೆಯಿತು. ಪ್ರಾಯಶ್ಚಿತ್ತದ ಪ್ರಶ್ನೆ ಕೇಳಿದೆ. ಅವರು ತಲೆಯಾಡಿಸಿದರು. ಒಳ್ಳೆಯ ಕೆಲಸದಿಂದ ಯಾವ ಸಾಲವೂ ತೀರುವುದಿಲ್ಲ, ಅದು ಆಗಲೇ ತೀರಿದೆ, ಶಿಲುಬೆಯ ಮೇಲೆ. ಮಾಡುವುದೆಲ್ಲ ಕೃತಜ್ಞತೆ ಎಂದರು. ಪುಸ್ತಕದಲ್ಲಿ ಓದಿ ಪರೀಕ್ಷೆಗೆ ಪ್ರಶ್ನೆ ತೆಗೆದಿದ್ದ ವಿಷಯವೇ. ಆದರೆ ಒಬ್ಬ ಮನುಷ್ಯ ಹಾಗೆ ನಂಬಿ ತೊಂಬತ್ತು ದಾಟಿದ ಮೇಲೂ ಸುತ್ತಿಗೆ ಹಿಡಿದಿದ್ದ ಎಂದರೆ ಅದು ಬೇರೆಯೇ ತೂಕ. ಲೆಕ್ಕಕ್ಕೆ ಜಮಾ ಆಗುವುದಿಲ್ಲ ಎಂದು ಗೊತ್ತಿದ್ದೂ ದುಡಿಯುವುದು. ನಮ್ಮ ಶರಣರ ಕಾಯಕ ಇದರ ಹತ್ತಿರದ ನೆಂಟ. ಅಲ್ಲಿಯೂ ದುಡಿಮೆ ಪುಣ್ಯದ ಗಳಿಕೆಯಲ್ಲ. 2015ರಲ್ಲಿ ಕ್ಯಾನ್ಸರ್ ಮಿದುಳಿಗೇರಿದಾಗ, ಬದುಕಿಸು ಎಂದು ಬೇಡಲಿಲ್ಲ, ಸಾವನ್ನು ಸರಿಯಾಗಿ ನೋಡುವ ಮನಸ್ಸು ಕೊಡು ಎಂದು ಬೇಡಿದೆ ಎಂದು ಕಾರ್ಟರ್ ಮುಂದೊಮ್ಮೆ ಅದೇ ಚರ್ಚಿನಲ್ಲಿ ಹೇಳಿದ್ದಾರೆ. ಲೆಕ್ಕ ಚುಕ್ತಾ ಮಾಡುವ ಗಾಬರಿ ಇದ್ದವನ ಮಾತಲ್ಲ ಅದು.

ಒಪ್ಪಿದೆ. ಆದರೆ ಪೂರ್ತಿ ಒಪ್ಪಲು ನನಗಾಗುವುದಿಲ್ಲ. ಕೃಪೆಯೇನೋ ತಪ್ಪು ಮಾಡಿದವನನ್ನು ಬಿಡಿಸುತ್ತದೆ, ಅದನ್ನು ಅನುಭವಿಸಿದವನ ಗತಿಯೇನು? ಕರ್ಮಸಿದ್ಧಾಂತವೂ ಇಲ್ಲಿ ನನಗೆ ಆಗಿಬರುವುದಿಲ್ಲ, ಅದು ನಮ್ಮ ತಾಯಿಯ ಹುಣ್ಣಿಗೆ ಆಕೆಯದೇ ಪಾಪ ಹುಡುಕುತ್ತದೆ. ಎರಡೂ ಸಿದ್ಧಾಂತಗಳ ಕಣ್ಣು ಕರ್ತೃವಿನ ಮೇಲೆ: ಅವನಿಗೇನಾಯಿತು, ಅವನು ಪಾರಾದನೋ ಇಲ್ಲವೋ. ಮಾಡಿದ ಕೆಲಸ ಮಾತ್ರ ಅವನನ್ನು ಬಿಟ್ಟು ತನ್ನ ದಾರಿ ಹಿಡಿದು ಹೋಗಿರುತ್ತದೆ.

ಕಾರ್ಟರ್ ಹಾಕಿದ ಒಂದು ಸಹಿಯ ಕಥೆ ನೋಡಿ. ಅಮೆರಿಕದ ಸುಪ್ರೀಂ ಕೋರ್ಟ್ 1972ರಲ್ಲಿ, ಜಾರ್ಜಿಯಾದ್ದೇ ಒಂದು ಮೊಕದ್ದಮೆಯಲ್ಲಿ, ಅಂದಿನ ಮರಣದಂಡನೆ ಕಾನೂನುಗಳನ್ನು ತಳ್ಳಿಹಾಕಿತ್ತು. ಜಾರ್ಜಿಯಾ ಶಾಸನಸಭೆ ಹೊಸ ಕಾನೂನು ಬರೆದು ಕಳಿಸಿತು. 1973ರಲ್ಲಿ ಗವರ್ನರ್ ಕಾರ್ಟರ್ ಸಹಿ ಹಾಕಿದರು. 1976ರಲ್ಲಿ, ಅವರು ಅಧ್ಯಕ್ಷ ಸ್ಥಾನಕ್ಕೆ ಓಡಾಡುತ್ತಿದ್ದಾಗ, ಸುಪ್ರೀಂ ಕೋರ್ಟ್ ಆ ಕಾನೂನನ್ನು ಎತ್ತಿಹಿಡಿಯಿತು, ಮರಣದಂಡನೆ ದೇಶದಲ್ಲಿ ಮತ್ತೆ ಜೀವ ಪಡೆಯಿತು. ನಿವೃತ್ತಿಯ ನಂತರ ಕಾರ್ಟರ್ ಮರಣದಂಡನೆ ತೊಲಗಲಿ ಎಂದು ಬಹಿರಂಗವಾಗಿ ವಾದಿಸಿದರು. ಟ್ರಾಯ್ ಡೇವಿಸ್ ಎಂಬ ಕರಿಯನಿಗೆ ಸವಾನಾ ನಗರದ ಪೊಲೀಸ್ ಅಧಿಕಾರಿಯೊಬ್ಬನ ಕೊಲೆಗಾಗಿ ಜಾರ್ಜಿಯಾದಲ್ಲಿ ಮರಣದಂಡನೆ ವಿಧಿಸಿದ್ದರು. ಸಾಕ್ಷಿ ಹೇಳಿದವರಲ್ಲಿ ಬಹುಪಾಲು ಜನ ಆಮೇಲೆ ಮಾತು ಬದಲಿಸಿದ್ದರು. ಕಾರ್ಟರ್ ಕ್ಷಮಾದಾನ ಮಂಡಳಿಗೆ ಬರೆದು ಬೇಡಿಕೊಂಡರು. ಪೋಪ್ ಕಡೆಯಿಂದಲೂ ಬೇಡಿಕೆ ಹೋಯಿತು. ಮಂಡಳಿ ಒಪ್ಪಲಿಲ್ಲ. 2011ರ ಸೆಪ್ಟೆಂಬರ್ 21ರ ರಾತ್ರಿ ಸೂಜಿಮದ್ದು ಚುಚ್ಚಿದರು. ಕಾರ್ಟರ್‌ಗೆ ಆಗ ಎಂಬತ್ತಾರು. ಬೇಡವೆಂದು ಬರೆದ ಪತ್ರದ ಕೆಳಗಿನ ಸಹಿಯೂ, ಆ ಕಾನೂನಿನ ಕೆಳಗಿನ ಸಹಿಯೂ ಒಬ್ಬರದೇ, ಮತ್ತು ಕೆಲಸ ಮಾಡಿದ್ದು ಹಳೆಯದು.